ಬೆವರಿಲ್ಲದ ಅಂಗಿ

ಆ ಮಷೀನಿನೊಳಗೆ ಮಣ್ಣು ಹೋಗಬಾರದು. ಸಾಹೇಬರು ನನಗೆ ಕಲಿಸಿದ ಮೊದಲ ಪಾಠ ಅದು. ಕೊನೆಗೆ ಬೇಕೆಂದೇ ನಾನು ಮುರಿದದ್ದೂ ಅದನ್ನೇ.

ಕಲಬುರಗಿಯಲ್ಲಿ ಆಗ ಬಟ್ಟೆ ಒಗೆಯುವ ಮಷೀನು ಇನ್ನೊಬ್ಬರ ಮನೆಯಲ್ಲಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ನೋಡಿದ್ದು ಒಂದೇ, ಸ್ಟೇಷನ್ ಕಡೆಯ ಒಂದು ಬಂಗಲೆಯ ಹಿಂದಿನ ಪಡಸಾಲೆಯಲ್ಲಿ. ಸಾಹೇಬರು ನಿಜಾಮರ ಸರ್ಕಾರದಲ್ಲಿ ರಸ್ತೆ ಕೆಲಸದ ಓವರ್ಸಿಯರ್. ಅವರು, ಅವರ ತಾಯಿ, ಅವರ ಹೆಂಡತಿ, ಮನೆಯಲ್ಲಿ ಮೂರೇ ಜನ. ತಾಯಿಯನ್ನು ಎಲ್ಲರೂ ಅಮ್ಮಾಜಾನ್ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಅವರ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹಿತ್ತಲಲ್ಲಿ ಒಂದು ಬಾವಿ, ಎರಡು ಕೆಂಪು ಬಾಳೆಗಿಡ.

ನಾವು ಕಮಲಾಪುರದ ಮಡಿವಾಳರು. ಸಾಹೇಬರು ನಮ್ಮೂರಿನ ಕಡೆ ಸೇತುವೆ ಕಟ್ಟಿಸಲು ಬಂದಾಗ ಅವರ ಬಟ್ಟೆ ಒಗೆಯುತ್ತಿದ್ದವನು ನಮ್ಮಪ್ಪ. ಆ ಗುರುತಿನ ಮೇಲೆ ನನ್ನನ್ನು ಕರೆಸಿಕೊಂಡರು. ಆಗ ನನಗೆ ಮದುವೆಯಾಗಿ ಎರಡು ಮಕ್ಕಳಿದ್ದವು. ಕೆಲಸಕ್ಕೆ ಹೊರಟಾಗ ಅಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಡಬ್ಬಿ ಬಟ್ಟಿ ಒಗಿತದಂತ. ಅಗಸ ಏನು ಮಾಡಬೇಕಪಾ, ಕತ್ತಿ ಮೇಯಿಸಬೇಕಾ?"

"ಡಬ್ಬಿ ಒಗಿಲಿ, ಹಿಂಡೋದು ನಾನೇ," ಎಂದೆ.

ಹಿಂಡುವುದೂ ಡಬ್ಬಿಯೇ ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಮೂರು ಕಾಲಿನ ಮೇಲೆ ನಿಂತ ದುಂಡನೆಯ ತಾಮ್ರದ ಹಂಡೆ. ನಡುವೆ ರೆಕ್ಕೆ ಇರುವ ಒಂದು ಗಿಡ್ಡ ಕಂಬ. ಕೆಳಗೆ ಮೋಟಾರು, ಅದರ ಪಟ್ಟಿ, ಹಲ್ಲಿನ ಗಾಲಿಗಳಿರುವ ಪೆಟ್ಟಿಗೆ. ಕರೆಂಟು ಕೊಟ್ಟರೆ ಕಂಬ ಅರ್ಧ ಸುತ್ತು ಈ ಕಡೆ, ಅರ್ಧ ಸುತ್ತು ಆ ಕಡೆ ಹೊರಳುತ್ತಿತ್ತು. ಹಂಡೆಯ ಬದಿಗೆ ಒಂದರ ಮೇಲೊಂದು ಎರಡು ರಬ್ಬರ್ ಉರುಳೆ. ಅವುಗಳ ನಡುವೆ ಬಟ್ಟೆ ಕೊಟ್ಟರೆ ಆ ಕಡೆ ಹಲಗೆಯಂತೆ ಹೊರಬೀಳುತ್ತಿತ್ತು.

ಸಾಹೇಬರು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹೇಳಿಕೊಟ್ಟರು. ನೀರು ಬೆರಳು ತಡೆಯುವಷ್ಟೇ ಬೆಚ್ಚಗಿರಬೇಕು, ಕುದಿದರೆ ರಬ್ಬರು ಬಿರುಕು ಬಿಡುತ್ತದೆ. ಸಾಬೂನು ತುರಿದು ಕರಗಿಸಿಯೇ ಹಾಕಬೇಕು. ಬಟ್ಟೆಯ ಮೇಲೆ ನಾಲ್ಕು ಬೆರಳು ನೀರು ನಿಲ್ಲಬೇಕು. ಗುಂಡಿಗಳನ್ನು ಒಳಕ್ಕೆ ಮಡಿಚಬೇಕು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬಾರದು, ಹಲಗೆಯ ಮೇಲೆ ನಿಂತೇ ಕೆಲಸ ಮಾಡಬೇಕು. ಮುಗಿದ ಮೇಲೆ ಜಾಲರಿ ತೆಗೆದು ತೊಳೆದು, ಹಂಡೆ ಒರೆಸಿ, ಎಣ್ಣೆ ಕುಡಿಯುವ ತೂತಿಗೆ ಮೂರು ಹನಿ ಬಿಟ್ಟು, ಎಲ್ಲಕ್ಕಿಂತ ಕೊನೆಗೆ ಉರುಳೆಯ ತಿರುಪು ಸಡಿಲಿಸಬೇಕು.

"ಸಡಲ ಬಿಡಲಿಲ್ಲಂದ್ರ ಎರಡೂ ಒಂದಕ್ಕೊಂದು ಒತ್ತಿ ಚಪ್ಪಟ ಆಗ್ತಾವ. ಕೆಲಸ ಮುಗದ ಮ್ಯಾಲ ಮಷೀನಿಗೂ ಉಸಿರು ಬಿಡ್ಲಿಕ್ಕ ಕೊಡಬೇಕು," ಎಂದರು.

ಮೊದಲ ದಿನ ನಾನು ಮಾಡಿದ ತಪ್ಪು ಮಡಿವಾಳನೇ ಮಾಡುವಂಥದ್ದು. ಅಭ್ಯಾಸದ ಕೈ, ಸೊಂಟದಲ್ಲಿದ್ದ ಸೌಳು ಮಣ್ಣು ಒಂದು ಹಿಡಿ ತೆಗೆದು ಎರಚಿಯೇ ಬಿಟ್ಟೆ. ಕೊಳೆ ತೆಗೆಯಲು ಹಳ್ಳದಲ್ಲಿ ನಾವು ಬಳಸುವುದು ಅದನ್ನೇ. ಸಾಹೇಬರು ಓಡಿ ಬಂದು ಕರೆಂಟು ತೆಗೆದರು. ಬೈಯಲಿಲ್ಲ. ಹಂಡೆ ಬರಿದು ಮಾಡಿಸಿ, ಕಂಬ ಕಳಚಿ, ಅದರ ಬುಡದಲ್ಲಿ ಅಂಟಿದ್ದ ಮಣ್ಣನ್ನು ನನ್ನ ಬೆರಳಿನಿಂದಲೇ ತೆಗೆಸಿದರು. ಎರಡನೆಯ ತಪ್ಪು ಹಿಂಡುವಾಗ. ಅಂಗಿಯ ಭುಜದ ಕಡೆಯಿಂದ ಉರುಳೆಗೆ ಕೊಟ್ಟೆ. ಗಾಳಿ ಹೊರಗೆ ಹೋಗಲು ದಾರಿಯಿಲ್ಲದೆ ತೋಳಿಗೆ ತುಂಬಿಕೊಂಡಿತು. ಒಳಗೆ ಕೈಯಿದ್ದ ಹಾಗೆ ತೋಳು ಉಬ್ಬಿ ಎದ್ದು ನಿಂತಿತು. ನಾನು ಹಲಗೆಯಿಂದ ಕೆಳಗೆ ಜಿಗಿದೆ.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ತೋಳಿನ ಅಂಚು ಮೊದಲು ಕೊಡಪಾ. ಇಲ್ಲಂದ್ರ ನಾನೇ ಬಂದು ನಿನ್ನ ಕೈ ಹಿಡೀತೀನಿ."

ಆ ನಗು ನನಗೆ ಇಂದಿಗೂ ಕೇಳಿಸುತ್ತದೆ. ಕೇಳಿಸದಿದ್ದರೆ ಚೆನ್ನಾಗಿತ್ತು.

ನಿಜಾಮರ ರಾಜ್ಯಕ್ಕೆ ಭಾರತದ ಫೌಜು ನುಗ್ಗಿದ, ಪೊಲೀಸ್ ಆಕ್ಷನ್ ಆದ ವರ್ಷ ಅದು. ಫೌಜು ಬರುವ ಎರಡು ದಿನ ಮೊದಲು ಸಾಹೇಬರು ಸೇತುವೆ ನೋಡಿ ಬರುತ್ತೇನೆಂದು ಕಮಲಾಪುರದ ರಸ್ತೆ ಹಿಡಿದು ಹೋದರು. ನಾನು ಹಬ್ಬಕ್ಕೆಂದು ಊರಿಗೆ ಹೋಗಿದ್ದೆ, ಅಲ್ಲೇ ಸಿಕ್ಕಿಕೊಂಡೆ. ದಾರಿಯ ನಡುವಿನ ಮಹಾಗಾಂವದ ಆಚೆ ಬಸ್ಸಿಲ್ಲ, ಗಾಡಿಯಿಲ್ಲ. ಆ ವರ್ಷ ಹಿಂದೂಗಳು, ಮುಸಲ್ಮಾನರು, ಎರಡೂ ಕಡೆಯವರು ಸತ್ತರು. ಮೊದಲು ಒಬ್ಬರ ಸರದಿ, ಆಮೇಲೆ ಇನ್ನೊಬ್ಬರ ಸರದಿ. ಯಾರು ಯಾರನ್ನು ಏನು ಮಾಡಿದರು ಎಂದು ಯಾರೂ ಬಾಯಿಬಿಡುತ್ತಿರಲಿಲ್ಲ.

ಫೌಜು ಬಂದ ವಾರವೇ, ಒಂದು ಬೆಳಿಗ್ಗೆ, ನಾನು ಮತ್ತು ಅಪ್ಪ ಹಳ್ಳಕ್ಕೆ ಹೋದಾಗ ನಮ್ಮ ಒಗೆಯುವ ಬಂಡೆಯ ಹತ್ತಿರ ಒಂದು ಹೆಣ ಬಿದ್ದಿತ್ತು. ಎರಡು ದಿನ ನೀರಿನಲ್ಲಿದ್ದಿರಬೇಕು, ಮುಖದ ಗುರುತು ಸಿಗುವಂತಿರಲಿಲ್ಲ. ನಾನು ನೋಡಿದ್ದು ಕೊರಳಪಟ್ಟಿಯ ಒಳಗಡೆ. ಪ್ರತಿ ಮನೆಯ ಬಟ್ಟೆಗೂ ನಾವು ಕೇರುಬೀಜದ ರಸದಿಂದ ಒಂದೊಂದು ಗುರುತು ಹಾಕುತ್ತೇವೆ, ಎಷ್ಟು ಒಗೆದರೂ ಅದು ಹೋಗುವುದಿಲ್ಲ. ಅಲ್ಲಿ ಮೂರು ಚುಕ್ಕೆ, ಕೆಳಗೊಂದು ಗೆರೆ. ಸಾಹೇಬರ ಮನೆಯ ಗುರುತು, ನಾನೇ ಹಾಕಿದ್ದು.

ಅಪ್ಪ ಸುತ್ತ ನೋಡಿ ಹೇಳಿದ: "ಎಳಿ. ಯಾರರೆ ಬರೂದ್ರಾಗ ಮುಗಸಬೇಕು."

"ಅವರ ಮಂದಿನ್ನ ಕರೀಬೇಕಲ್ಲಪ್ಪ."

"ಯಾರು ಉಳದಾರ ಕರೀಲಿಕ್ಕ? ಸತ್ತವರಿಗೆ ಮಡಿ ಹಾಸೂದು ನಮ್ಮ ಕೆಲಸ. ಅದಕ್ಕ ಜಾತಿ ಕೇಳಬ್ಯಾಡ."

ಬಾಳೆತೋಟದ ಬದುವಿನಲ್ಲಿ, ಕೆಂಪು ಮಣ್ಣಿನಲ್ಲಿ ಗುಣಿ ತೋಡಿದೆವು. ನನ್ನ ತಂಗಿಯ ಮದುವೆಗೆಂದು ತೆಗೆದಿಟ್ಟಿದ್ದ ಹೊಸ ಬಿಳಿ ಪಂಚೆಯನ್ನು ಅಪ್ಪ ಮನೆಯಿಂದ ತಂದು ಹೊದಿಸಿದ. ಮುಖವನ್ನು ಪಶ್ಚಿಮಕ್ಕೆ ತಿರುಗಿಸಬೇಕೆಂದು ಅವನಿಗೆ ಗೊತ್ತಿತ್ತು. ಅಂಗಿ ಮೈಮೇಲೇ ಉಳಿಯಿತು.

ದಾರಿ ತೆರೆದ ಮೇಲೆ ಕಲಬುರಗಿಗೆ ಹೋದೆ. ಬಸ್ಸಿನಲ್ಲಿ ಕೂತು ಹೇಳಬೇಕಾದ ಮಾತನ್ನು ನೂರು ಸಲ ಜೋಡಿಸಿಕೊಂಡಿದ್ದೆ. ಬಂಗಲೆಯ ಮುಂಬಾಗಿಲಿಗೆ ಒಳಗಿನಿಂದ ಅಗಳಿ. ಹಿತ್ತಲಿನಿಂದ ಹೋದರೆ ಅಮ್ಮಾಜಾನ್ ಪಡಸಾಲೆಯಲ್ಲಿ, ಮಷೀನಿನ ಪಕ್ಕದ ಮಣೆಯ ಮೇಲೆ ಕೂತಿದ್ದರು. ಹೆಜ್ಜೆ ಸದ್ದಿನಿಂದಲೇ ನನ್ನ ಗುರುತು ಹಿಡಿದರು. ನಾನು ಬಾಯಿ ತೆರೆಯುವ ಮೊದಲೇ ಬುಟ್ಟಿಯನ್ನು ನನ್ನ ಕಡೆ ದೂಡಿದರು.

"ಬಂದೇನು ಬೇಟಾ? ಛಲೋ ಆತು. ಇವು ನಿಮ್ಮ ಸಾಹೇಬನವು. ಹೊತ್ತು ಮೂಡೋಕಿಂತ ಮೊದಲು ಬಂದು, ಬಟ್ಟಿ ಬದಲಿ ಮಾಡಿ ಹೋಗ್ಯಾನ. ಯಾರ ಮುಂದನೂ ಅನಬ್ಯಾಡ, ಅಂವನ್ನ ಹಿಡೀಲಿಕ್ಕ ಮಂದಿ ತಿರಗಲತ್ತಾರ."

ಬುಟ್ಟಿಯಲ್ಲಿ ಒಂದು ಅಂಗಿ, ಒಂದು ಪೈಜಾಮ. ಕೊರಳಪಟ್ಟಿ ತಿರುವಿದೆ. ಮೂರು ಚುಕ್ಕೆ, ಒಂದು ಗೆರೆ. ಪೈಜಾಮದ ಅಂಚಿನಿಂದ ಮೊಳಕಾಲಿನವರೆಗೆ ಕೆಂಪು ಮಣ್ಣು.

ಕಲಬುರಗಿಯ ನೆಲ ಎರೆ. ನೀವು ಎಲ್ಲಿ ಕಾಲಿಟ್ಟರೂ ಅಂಚಿಗೆ ಹತ್ತುವುದು ಕಪ್ಪು ಮಣ್ಣೇ. ಕೆಂಪು ಮಣ್ಣು ನಮ್ಮ ಕಮಲಾಪುರದ್ದು. ಹಿಂದಿನ ವಾರವಷ್ಟೇ ಆ ಮಣ್ಣನ್ನು ಸಾಹೇಬರ ಎದೆಯ ಮೇಲೆ ಹಿಡಿಹಿಡಿಯಾಗಿ ಹಾಕಿದ ಕೈ ನನ್ನದು. ಜೋಡಿಸಿಕೊಂಡು ಬಂದ ಮಾತು ಆಡದೆ ನೀರು ಕಾಯಿಸಿದೆ.

ಕಂಬ ಹೊರಳತೊಡಗಿದಂತೆ ನೀರು ಕೆಂಪಾಯಿತು. ನಿಲ್ಲಿಸಿದ ಮೇಲೆ ಅಮ್ಮಾಜಾನ್ ತೋಳು ಮಡಿಚಿ, ಮೊಳಕೈವರೆಗೆ ಹಂಡೆಯೊಳಗೆ ಕೈ ಬಿಟ್ಟರು. ತಳದಲ್ಲಿ ಕೂತ ಮಣ್ಣನ್ನು ಚಿಟಿಕೆಯಷ್ಟು ಎತ್ತಿ ಹೆಬ್ಬೆರಳಿನಿಂದ ತೀಡಿದರು, ಬಹಳ ಹೊತ್ತು. ಆಮೇಲೆ ಒಳಗಿನ ಬಾಗಿಲ ಪರದೆಯ ಕಡೆ ತಿರುಗಿ ಹೇಳಿದರು: "ದುಲ್ಹನ್, ಅಂವ ನಡದು ತಿರಗಲತ್ತಾನ. ತಾಟು ಹಾಕು, ಉಣ್ತೀನಿ."

ಪರದೆಯ ಹಿಂದೆ ಸೊಸೆ ಎದ್ದು ಹೋದರು. ತಾಟಿನ ಸದ್ದು ಬಂತು.

ಹೀಗೆ ಪ್ರತಿ ಶುಕ್ರವಾರ. ಮೂರನೆಯ ವಾರಕ್ಕೆ ಧೈರ್ಯ ಮಾಡಿ ಆ ಅಂಗಿಯನ್ನು ಮೂಗಿನ ಹತ್ತಿರ ಹಿಡಿದೆ. ಬಟ್ಟೆ ತೊಟ್ಟವರ ಗುಟ್ಟು ಒಗೆಯುವವನಿಗೆ ತಿಳಿದಷ್ಟು ಹೆಂಡತಿಗೂ ತಿಳಿಯುವುದಿಲ್ಲ. ಯಾರು ಎಲೆ ಅಡಿಕೆ ಹಾಕುತ್ತಾರೆ, ಯಾರಿಗೆ ಜ್ವರ ಬಂದಿತ್ತು, ಯಾರು ಯಾವ ಮಗ್ಗುಲಿಗೆ ಮಲಗುತ್ತಾರೆ, ಎಲ್ಲವೂ ಬಟ್ಟೆಯಲ್ಲಿರುತ್ತದೆ. ಈ ಅಂಗಿಯಲ್ಲಿ ಏನೂ ಇರಲಿಲ್ಲ. ಕೊರಳಪಟ್ಟಿ ಸ್ವಚ್ಛ, ಕಂಕುಳು ಸ್ವಚ್ಛ. ಮಣ್ಣಿತ್ತು, ಬೆವರಿರಲಿಲ್ಲ. ಬೆವರದ ಮೈಯೊಂದು ಮಣ್ಣಿನಲ್ಲಿ ನಡೆದು ಬಂದು ಬಟ್ಟೆ ಬಿಚ್ಚಿಟ್ಟು ಹೋಗುತ್ತಿದೆ ಎಂದು ನನಗೆ ಅನ್ನಿಸಿತು. ಬೆನ್ನ ಹಿಂದೆ ಯಾರೋ ಕುಕ್ಕರುಗಾಲಲ್ಲಿ ಕೂತ ಹಾಗಾಯಿತು. ಹಾಡುಹಗಲಿನಲ್ಲಿ, ಬಿಸಿಲಿನಲ್ಲಿ ನಿಂತು ನಡುಗಿದೆ. ಇದನ್ನು ಬರೆದುಕೊಳ್ಳುತ್ತಿರುವ ಮೊಮ್ಮಗಳು ಈಗ ನಗುತ್ತಿದ್ದಾಳೆ. ನಗಲಿ, ಅವಳು ಅಲ್ಲಿರಲಿಲ್ಲ.

ಅಷ್ಟರಲ್ಲಿ ಮಷೀನೂ ನರಳಲು ಶುರುವಾಯಿತು. ಮೊದಲು ಗುಂಯ್ ಅನ್ನುತ್ತಿದ್ದದ್ದು, ಕಂಬ ಹೊರಳುವಾಗಲೆಲ್ಲ ಹಾಸಿಗೆ ಹಿಡಿದವರ ಹಾಗೆ ಮುಲುಗತೊಡಗಿತು. ಕಂಬ ಕಳಚಿ ನೋಡಿದೆ. ಬುಡದ ಗ್ರೀಸು ಕೆಂಪು ಕೆಸರಾಗಿ, ಉಗುರಿಗೆ ಗರಗರ ತಾಗುತ್ತಿತ್ತು. ಹೀಗೇ ಬಿಟ್ಟರೆ ಹಲ್ಲಿನ ಗಾಲಿ ಸವೆದು ಮಷೀನು ಸಾಯುತ್ತದೆ. ಅದೊಂದನ್ನು ಕಾಯಲು ಸಾಹೇಬರು ನನ್ನನ್ನು ಇಟ್ಟಿದ್ದರು. ಅದಾದರೂ ಉಳಿಯಲಿ ಎಂದುಕೊಂಡೆ. ಮುಂದಿನ ಶುಕ್ರವಾರ ಪೈಜಾಮವನ್ನು ಬಾವಿಯ ಹತ್ತಿರ ಚೆನ್ನಾಗಿ ಜಾಲಿಸಿ, ಮಣ್ಣೆಲ್ಲ ಹೋದ ಮೇಲೆ ಹಂಡೆಗೆ ಹಾಕಿದೆ. ಕೆಲಸ ಬಲ್ಲವನು ಮಾಡುವುದು ಹಾಗೆಯೇ.

ಅಮ್ಮಾಜಾನ್ ಕೈ ಬಿಟ್ಟರು. ತಳವನ್ನೆಲ್ಲ ತಡವಿದರು, ಮತ್ತೆ ತಡವಿದರು. ಏನೂ ಸಿಗಲಿಲ್ಲ. ಕೈ ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡರು. ಆ ದಿನ ತಾಟು ಕೇಳಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಮಣೆಯಿಂದ ಏಳಲಾಗದೆ ಹಾಸಿಗೆ ಹಿಡಿದರು.

ಅವತ್ತು ಮೊದಲ ಬಾರಿಗೆ ಸೊಸೆ ಪರದೆಯ ಹಿಂದಿನಿಂದ ನನ್ನೊಡನೆ ಮಾತಾಡಿದರು.

"ಯಾಕ ಜಾಲಿಸಿದಿ?"

"ಮಷೀನ್ ಕೆಡ್ತದ ರೀ ಬೇಗಮ್ ಸಾಬ್. ಮಣ್ಣು ಹೋಗಬಾರದಂತ ಸಾಹೇಬರೇ ಹೇಳ್ಯಾರ."

"ಮಷೀನ್ ಕೆಟ್ರ ಕೆಡ್ಲಿ. ಆ ಮಣ್ಣು ನಾ ಹಚ್ಚತಿದ್ದೆ."

ಅವರು ನಿಲ್ಲಿಸದೆ ಹೇಳಿದರು. ಮಗ ಬಾರದಿದ್ದ ಎರಡನೆಯ ವಾರದಿಂದ ಅಮ್ಮಾಜಾನ್ ಅನ್ನ ಬಿಟ್ಟಿದ್ದರಂತೆ. ಅವರು ಉಣ್ಣಲಿ ಎಂದು ಸೊಸೆ ಈ ಆಟ ಹೂಡಿದ್ದರು. ಬಾಳೆ ಎರೆಯಲ್ಲಿ ಏಳುವುದಿಲ್ಲವೆಂದು ಸಾಹೇಬರೇ ಕಮಲಾಪುರದಿಂದ ಗಾಡಿಯಲ್ಲಿ ಕೆಂಪು ಮಣ್ಣು ತರಿಸಿ, ಗೊಬ್ಬರ ಬೆರೆಸಿ, ಹಿತ್ತಲಿನ ಆ ಎರಡು ಗಿಡದ ಬುಡಕ್ಕೆ ಹಾಕಿಸಿದ್ದರು. ಸೊಸೆ ಅದನ್ನೇ ಕೆದಕಿ, ಪೆಟ್ಟಿಗೆಯಲ್ಲಿದ್ದ ಮಡಿಚಿದ ಬಟ್ಟೆಗೆ ತಿಕ್ಕಿ ಬುಟ್ಟಿಗೆ ಹಾಕುತ್ತಿದ್ದರು.

ಭೂತದ ಭಯ ಅಲ್ಲಿಗೆ ಹೋಯಿತು. ಅದರ ಜಾಗಕ್ಕೆ ಬಂದದ್ದು ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅವರು ಮುಂದೆ ಕೇಳಿದರು: "ಬಾಳಿ ಬೇರು ಕಾಣ್ಲತ್ತಾವ, ಮಣ್ಣು ಮುಗದದ. ನೀ ಅದೇ ಊರಾಂವ, ಒಂದಿಷ್ಟು ತಂದು ಕೊಡು. ಅವರು ಬರೋ ತನಕ ಅಮ್ಮಾಜಾನ್ ಉಳೀಬೇಕು. ನಿಮ್ಮ ಕಡೆ ಏನರೆ ಸುದ್ದಿ ಅದ ಏನು?"

"ಇಲ್ಲ ರೀ," ಎಂದೆ. ಎರಡೇ ಪದ. ನನ್ನ ಜನ್ಮದಲ್ಲಿ ನಾನು ಆಡಿದ ಅತ್ಯಂತ ಹೊಲಸು ಮಾತು ಅದು.

ಅದೇ ಸಂಜೆ ಬಸ್ಸು ಹತ್ತಿ ಊರಿಗೆ ಹೋದೆ. ಅಪ್ಪನಿಗೆ ಎಲ್ಲ ಹೇಳಿದೆ. ಅವನು ಬೀಡಿ ಆರುವವರೆಗೂ ಕೇಳಿದ. "ಸುಳ್ಳು ನಡಸೂದಿದ್ರ ಮಣ್ಣು ಎಲ್ಲಿಂದರೆ ಒಯ್ಯಿ, ಊರ ತುಂಬ ಅದ. ಖರೇ ಹೇಳೂದಿದ್ರ ಎಲ್ಲಿಂದು ಒಯ್ಯಬೇಕಂತ ನಿನಗ ಗೊತ್ತದ."

"ಹೇಳಿದ್ರ ಆ ಮುದುಕಿ ಸಾಯ್ತಾಳಪ್ಪ."

"ಹೇಳಲಾರದೆ ಈಗೇನು ಉಣ್ಣಲತ್ತಾಳೇನು?"

ಬೆಳಿಗ್ಗೆ ಎದ್ದು ಬಾಳೆತೋಟದ ಬದುವಿಗೆ ಹೋದೆ. ಮಳೆಗೆ ದಿಬ್ಬ ಕುಸಿದು ಅದರ ಮೇಲೆ ಹುಲ್ಲು ಬಂದಿತ್ತು. ಒಂದೇ ಒಂದು ಹಿಡಿ ತೆಗೆದುಕೊಂಡು ಪಂಚೆಯ ತುದಿಗೆ ಗಂಟು ಹಾಕಿದೆ. ಕಲಬುರಗಿ ಮುಟ್ಟುವವರೆಗೆ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಒದ್ದೆ ಮಣ್ಣು, ತಣ್ಣಗಿರಬೇಕಾದದ್ದು. ನನಗೆ ಮಾತ್ರ ಅದು ಬೆಚ್ಚಗಿದೆ ಅನ್ನಿಸುತ್ತಿತ್ತು, ಬಿಚ್ಚಿ ನೋಡುವ ಧೈರ್ಯವಾಗಲಿಲ್ಲ.

ಸೊಸೆ ಅಂಗಿ ಪೈಜಾಮ ಬುಟ್ಟಿಯಲ್ಲಿಟ್ಟಿದ್ದರು. ಅಮ್ಮಾಜಾನರನ್ನು ಎತ್ತಿಕೊಂಡು ಬಂದ ಹಾಗೆ ನಡೆಸಿಕೊಂಡು ಬಂದು ಮಣೆಯ ಮೇಲೆ ಕೂರಿಸಿ ಪರದೆಯ ಹಿಂದೆ ಸರಿದರು. ನಾನು ಹಲಗೆಯ ಮೇಲೆ ನಿಂತು ನೀರು ತುಂಬಿದೆ, ಸಾಬೂನು ಬಿಟ್ಟೆ, ಬಟ್ಟೆ ಹಾಕಿದೆ, ಕರೆಂಟು ಕೊಟ್ಟೆ. ಕಂಬ ಹೊರಳಿತು. ಗಂಟು ಬಿಚ್ಚಿ ಆ ಹಿಡಿ ಮಣ್ಣನ್ನು ನನ್ನ ಕೈಯಾರೆ ಹಂಡೆಗೆ ಬಿಟ್ಟೆ. ಮಷೀನು ಒಮ್ಮೆ ತಡೆದು ನಿಂತಿತು, ಆಮೇಲೆ ಮುಲುಗುತ್ತ ಮತ್ತೆ ಹೊರಳಿತು. ಕ್ಷಮಿಸ್ರಿ ಸಾಹೇಬ್ರ ಎಂದು ಬಾಯೊಳಗೇ ಅಂದೆ.

ನಿಲ್ಲಿಸಿದೆ. ಅಮ್ಮಾಜಾನ್ ಕೈ ಬಿಟ್ಟರು. ಚಿಟಿಕೆ ಎತ್ತಿ ತೀಡಿದರು. ಬೆರಳು ನಿಂತಿತು. ಮತ್ತೆ ಕೈ ಬಿಟ್ಟು ಸಿಕ್ಕಷ್ಟನ್ನೂ ಬಾಚಿ ಅಂಗೈಗೆ ತೆಗೆದುಕೊಂಡರು.

"ಇದು ಹಿತ್ತಲದ ಮಣ್ಣಲ್ಲ," ಎಂದರು.

ಅಂಗೈಯ ಮಣ್ಣನ್ನು ಮತ್ತೊಮ್ಮೆ ತೀಡಿದರು.

"ದುಲ್ಹನ್ ಹಚ್ಚೋದು ಗೊಬ್ಬರ ಕೂಡಿದ ಮಣ್ಣು, ಮೆತ್ತಗ ಇರ್ತದ. ಮೊದಲನೇ ವಾರನೇ ಗುರತ ಹಿಡದೀನಿ. ನಾ ಉಣ್ಣಲಿಲ್ಲಂದ್ರ ಆಕಿನೂ ಉಣ್ಣಾಂಗಿಲ್ಲ, ಅದಕ್ಕ ಸುಮ್ಮನಿದ್ದೆ. ನೀರು ಸ್ವಚ್ಛ ಬಂದ ದಿನ, ಆಕಿಗೆ ಏನೋ ಸುದ್ದಿ ಮುಟ್ಟೇದ, ಹೇಳವಲ್ಲಳು ಅಂದ್ಕೊಂಡೆ. ಇದರಾಗ ಹರಳ ಅವ. ಇದು ಆಳ ಅಗದು ಮ್ಯಾಲ ತಗದ ಮಣ್ಣು. ಎಲ್ಲಿಂದು?"

"ನಮ್ಮೂರ ಬಾಳಿತೋಟದ ಬದೂದು ರೀ, ಅಮ್ಮಾಜಾನ್."

"ಯಾವಾಗ?"

"ಫೌಜ್ ಬಂದ ವಾರ."

"ಬಟ್ಟಿ ಹೊಚ್ಚಿದ್ರೇನು?"

"ಹೊಸಾ ಬಿಳೇದು ರೀ. ನಮ್ಮಪ್ಪ ಹೊಚ್ಚ್ಯಾನ."

"ಮಾರಿ?"

"ಪಶ್ಚಿಮಕ್ಕ ಮಾಡೀವಿ ರೀ."

ಪರದೆಯ ಹಿಂದೆ ಸೊಸೆ ನೆಲಕ್ಕೆ ಕುಸಿದ ಸದ್ದು ಕೇಳಿತು. ಅಮ್ಮಾಜಾನ್ ಮುಷ್ಟಿ ಬಿಗಿಹಿಡಿದು ಕೂತೇ ಇದ್ದರು. ಬೆರಳ ಸಂದಿನಿಂದ ಕೆಂಪು ನೀರು ಮೊಳಕೈವರೆಗೆ ಇಳಿಯಿತು. ನಾನು ಅಳುತ್ತಿದ್ದೆ, ಅವರು ಅಳಲಿಲ್ಲ.

"ಇಷ್ಟು ದಿನ ಯಾಕ ಹೇಳಲಿಲ್ಲ ಅಂತ ಕೇಳಾಂಗಿಲ್ಲ," ಎಂದರು ಕೊನೆಗೆ. "ಈ ಮನ್ಯಾಗ ಮೂರೂ ಮಂದಿ ಅದನೇ ಮಾಡೀವಿ." ಆಮೇಲೆ ಪರದೆಯ ಕಡೆ ಮುಖ ತಿರುಗಿಸಿದರು. "ದುಲ್ಹನ್, ಏಳು. ಅತ್ತ ಮ್ಯಾಲ ಎರಡು ರೊಟ್ಟಿ ಮಾಡು. ಇವತ್ತ ಇಬ್ಬರೂ ಕೂಡೇ ಉಣ್ಣೋಣು."

ನನಗೆ ಹೇಳಿದ್ದು ಒಂದೇ ಮಾತು: "ಮಷೀನ್ ತೊಳದಿಡು. ಅಂವ ಕಲಿಸಿದಂಗ."

ನೀರು ಬಿಟ್ಟೆ. ಅದನ್ನು ಮೋರಿಗೆ ಹೋಗಗೊಡದೆ, ಬಕೇಟಿನಲ್ಲಿ ಹಿಡಿದು ಬಾಳೆಯ ಬುಡಕ್ಕೆ ಸುರಿದೆ. ಪೈಜಾಮ ಹಿಂಡಿದೆ. ಅಂಗಿ ಕೊಡುವಾಗ ತೋಳಿನ ಅಂಚು ಮೊದಲು ಕೊಡುವುದನ್ನು ಮರೆತೆ. ಭುಜ ಉರುಳೆಗಳ ನಡುವೆ ಸಿಕ್ಕಿತು, ಗಾಳಿ ತುಂಬಿ ತೋಳು ಉಬ್ಬಿತು. ಒಳಗೆ ಕೈಯಿದ್ದ ಹಾಗೆ ಎದ್ದು ನನ್ನ ಮಣಿಕಟ್ಟಿಗೆ ಬಂದು ಒರಗಿತು. ಈ ಸಲ ನಾನು ಹಲಗೆಯಿಂದ ಜಿಗಿಯಲಿಲ್ಲ. ಕೈ ಒರೆಸಿಕೊಂಡು ಕರೆಂಟು ತೆಗೆದೆ. ಅಂಗಿ ಹಾಗೇ ಇರಲಿ ಎಂದು ಬಿಟ್ಟು ಜಾಲರಿ ತೊಳೆದೆ, ಹಂಡೆ ಒರೆಸಿದೆ, ಮೂರು ಹನಿ ಎಣ್ಣೆ ಬಿಟ್ಟೆ. ಎಲ್ಲಕ್ಕಿಂತ ಕೊನೆಗೆ ತಿರುಪು ಸಡಿಲಿಸಿದೆ. ಉರುಳೆಗಳು ಒಂದನ್ನೊಂದು ಬಿಟ್ಟವು. ತೋಳಿನೊಳಗಿದ್ದ ಗಾಳಿ ಸಣ್ಣಗೆ ಸದ್ದು ಮಾಡುತ್ತ ಹೊರಗೆ ಹೋಯಿತು, ತೋಳು ನನ್ನ ಕೈಮೇಲೆ ಚಪ್ಪಟೆಯಾಗಿ ಮಲಗಿತು.

ಆ ಸದ್ದು ಅಮ್ಮಾಜಾನರಿಗೂ ಕೇಳಿಸಿತು. ಅವರು ಮಣ್ಣಿಲ್ಲದ ಕೈಯನ್ನು ಚಾಚಿದರು. ನಾನು ಅಂಗಿಯನ್ನು ಮಡಿಚಿ ಅದರ ಮೇಲಿಟ್ಟೆ.